ಎಸಿಎಲ್ ಮರುನಿರ್ಮಾಣದಲ್ಲಿ ಗ್ರಾಫ್ಟ್‌ನ ಬಲ: ಅಂಕಿಗಳನ್ನು ಓದುವ ಮತ್ತು ಬಳಸುವ ಕ್ರಮ

ಮೊಣಕಾಲಿನ ಮುಂಭಾಗದ ಕ್ರೂಸಿಯೇಟ್ ಅಸ್ಥಿರಜ್ಜು, ಅಂದರೆ ಎಸಿಎಲ್, ಪೂರ್ತಿ ಹರಿದ ಮೇಲೆ ತಾನಾಗಿಯೇ ಮೊದಲಿನಂತೆ ಕೂಡಿಕೊಳ್ಳುವುದು ಅಪರೂಪ. ಆದ್ದರಿಂದಲೇ ದೇಹದ ಬೇರೊಂದು ಭಾಗದಿಂದ ಸ್ನಾಯುರಜ್ಜುವನ್ನು ತೆಗೆದು, ತೊಡೆಮೂಳೆ ಮತ್ತು ಟಿಬಿಯಾ (ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ) ಎರಡರಲ್ಲೂ ಸುರಂಗ ಕೊರೆದು, ಆ ರಜ್ಜುವನ್ನು ಎಸಿಎಲ್ ಇದ್ದ ಜಾಗದಲ್ಲಿ ಕೂರಿಸಲಾಗುತ್ತದೆ; ಹೀಗೆ ಕೂರಿಸುವ ರಜ್ಜುವೇ ಗ್ರಾಫ್ಟ್. ಯಾವ ರಜ್ಜು ಹೆಚ್ಚು ಬಲಶಾಲಿ ಎಂಬ ಪ್ರಶ್ನೆ ಬಂದಾಗಲೆಲ್ಲ ಕೆಲವು ಅಂಕಿಗಳು ಎದುರಾಗುತ್ತವೆ: 2160 ನ್ಯೂಟನ್, 2977 ನ್ಯೂಟನ್, 4090 ನ್ಯೂಟನ್. ಅಂಕಿ ದೊಡ್ಡದಾದಷ್ಟೂ ಮೊಣಕಾಲು ಭದ್ರ ಎಂದುಕೊಳ್ಳುವುದು ಸಹಜ. ಆದರೆ ಆ ತೀರ್ಮಾನ ಬಹಳಷ್ಟು ಸಲ ತಪ್ಪು. ಮೂಳೆ ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ವಿದ್ಯಾರ್ಥಿಗಳು, ಫಿಸಿಯೋಥೆರಪಿಸ್ಟರು, ತಮಗಾಗುವ ಶಸ್ತ್ರಚಿಕಿತ್ಸೆಯನ್ನು ಅರ್ಥಮಾಡಿಕೊಳ್ಳಬಯಸುವ ರೋಗಿಗಳು ಈ ಅಂಕಿಗಳನ್ನು ಹೇಗೆ ಓದಬೇಕು, ಎಲ್ಲಿ ನಂಬಬೇಕು, ಎಲ್ಲಿ ಎಚ್ಚರ ವಹಿಸಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಯಾವುದೇ ಅಂಕಿಯ ಮುಂದೆ ಮೂರು ಪ್ರಶ್ನೆಗಳನ್ನು ಇಡಬೇಕು. ಇದು ಯಾವ ಭಾಗದ ಬಲ: ರಜ್ಜುವಿನದೋ, ಅದನ್ನು ಮೂಳೆಗೆ ಹಿಡಿದಿಟ್ಟ ಸಾಧನದ್ದೋ, ಇಲ್ಲವೇ ಎರಡೂ ಸೇರಿದ ಇಡೀ ಜೋಡಣೆಯದೋ? ಶಸ್ತ್ರಚಿಕಿತ್ಸೆಯಾದ ಎಷ್ಟನೇ ವಾರದ ಬಲ? ಮತ್ತು ಅದನ್ನು ಅಳೆದದ್ದು ಹೇಗೆ? ಮುಂದಿನ ಎಲ್ಲ ಮಾತೂ ಈ ಮೂರು ಪ್ರಶ್ನೆಗಳ ಸುತ್ತಲೇ ಇದೆ.

ಮೊದಲು ಸಹಜ ಎಸಿಎಲ್‌ನ ಬಲವನ್ನು ತಿಳಿಯಿರಿ

ಹೋಲಿಕೆಗೆ ಒಂದು ಆಧಾರ ಬೇಕು. ಆ ಆಧಾರ ಆರೋಗ್ಯವಂತ ಎಸಿಎಲ್. 1984ರಲ್ಲಿ ನೋಯೆಸ್ ಮತ್ತು ಸಹೋದ್ಯೋಗಿಗಳು ಯುವಜನರ ಮೃತದೇಹಗಳಿಂದ ಪಡೆದ ಎಸಿಎಲ್ ಸರಾಸರಿ 1725 ನ್ಯೂಟನ್ ಬಲಕ್ಕೆ ತುಂಡಾಯಿತೆಂದು ವರದಿ ಮಾಡಿದರು. 1991ರಲ್ಲಿ ವೂ ಮತ್ತು ಸಹೋದ್ಯೋಗಿಗಳು ಅದೇ ರಜ್ಜುವನ್ನು ಅದರ ಸಹಜ ದಿಕ್ಕಿನಲ್ಲೇ ಎಳೆದು ಪರೀಕ್ಷಿಸಿದಾಗ 22ರಿಂದ 35 ವರ್ಷದವರಲ್ಲಿ 2160 ನ್ಯೂಟನ್ ದೊರೆಯಿತು. ಒಂದು ನ್ಯೂಟನ್ ಎಂದರೆ ಸುಮಾರು 100 ಗ್ರಾಂ ತೂಕದ ಎಳೆತ; ಆ ಲೆಕ್ಕದಲ್ಲಿ 2160 ನ್ಯೂಟನ್ ಎಂದರೆ ಹೆಚ್ಚುಕಡಿಮೆ 220 ಕಿಲೋ ತೂಗುಹಾಕಿದಷ್ಟು. ಅದೇ ಅಧ್ಯಯನದಲ್ಲಿ 60 ವರ್ಷ ಮೀರಿದವರ ಎಸಿಎಲ್ 658 ನ್ಯೂಟನ್‌ಗೇ ತುಂಡಾಗಿತ್ತು. ಒಂದೇ ರಜ್ಜು, ಒಂದೇ ಪ್ರಯೋಗಾಲಯ. ದಾನಿಯ ವಯಸ್ಸು ಬದಲಾದದ್ದರಿಂದ ಅಂಕಿ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾಯಿತು. ಆದ್ದರಿಂದ ಯಾವುದೇ ವರದಿಯಲ್ಲಿ ಸರಾಸರಿಯನ್ನು ನೋಡುವ ಮೊದಲು ದಾನಿಗಳ ವಯಸ್ಸನ್ನು ನೋಡುವ ಅಭ್ಯಾಸ ಬೆಳೆಸಿಕೊಳ್ಳಬೇಕು. ಎಳೆಯುವ ದಿಕ್ಕೂ ಅಷ್ಟೇ ಮುಖ್ಯ. ನಾರುಗಳೆಲ್ಲ ಒಟ್ಟಿಗೆ ಬಿಗಿಯಾಗದಂಥ ದಿಕ್ಕಿನಲ್ಲಿ ಎಳೆದರೆ ಅವು ಒಂದೊಂದಾಗಿ ಹರಿಯುತ್ತವೆ, ಒಟ್ಟು ಬಲ ಕಡಿಮೆ ಕಾಣುತ್ತದೆ.

ಇನ್ನು ದೈನಂದಿನ ಬಳಕೆಯಲ್ಲಿ ಈ ರಜ್ಜುವಿನ ಮೇಲೆ ಬೀಳುವ ಹೊರೆ. 1970ರ ಸುಮಾರಿಗೆ ಮಾರಿಸನ್ ಮಾಡಿದ ಲೆಕ್ಕಾಚಾರದ ಪ್ರಕಾರ ಸಮತಟ್ಟಾದ ನೆಲದಲ್ಲಿ ನಡೆಯುವಾಗ ಅದು ಸುಮಾರು 169 ನ್ಯೂಟನ್, ಮೆಟ್ಟಿಲು ಇಳಿಯುವಾಗ ಸುಮಾರು 445 ನ್ಯೂಟನ್. ಇವು ನೇರ ಅಳತೆಗಳಲ್ಲ, ಚಲನೆಯ ದಾಖಲೆಯಿಂದ ಪಡೆದ ಅಂದಾಜುಗಳು. ಆದರೂ ಹೊರೆಯ ಪ್ರಮಾಣವನ್ನು ಮನಸ್ಸಿನಲ್ಲಿಟ್ಟುಕೊಳ್ಳಲು ಸಾಕು. ಸಹಜ ಎಸಿಎಲ್ ದಿನದ ಹೊರೆಗಿಂತ ನಾಲ್ಕೈದು ಪಟ್ಟು ಬಲವನ್ನು ಮೀಸಲಾಗಿ ಇಟ್ಟುಕೊಂಡಿರುತ್ತದೆ. ಗ್ರಾಫ್ಟ್‌ಗೆ ಆ ಮೀಸಲು ಯಾವಾಗ ಇರುತ್ತದೆ, ಯಾವಾಗ ಇರುವುದಿಲ್ಲ ಎಂಬುದೇ ಚಿಕಿತ್ಸೆಯ ನಿಜವಾದ ಪ್ರಶ್ನೆ.

ಗ್ರಾಫ್ಟ್‌ಗಳ ಅಂಕಿಗಳನ್ನು ಅಗಲದೊಂದಿಗೆ ಓದಿ

ಮಂಡಿಚಿಪ್ಪಿನ ಕೆಳಗಿನ ರಜ್ಜುವಿನ ನಡುಭಾಗವನ್ನು ಎರಡೂ ತುದಿಯ ಮೂಳೆತುಂಡುಗಳ ಸಮೇತ ತೆಗೆದ ಗ್ರಾಫ್ಟ್ ನೋಯೆಸ್ ಅವರ ಪರೀಕ್ಷೆಯಲ್ಲಿ ಸುಮಾರು 2900 ನ್ಯೂಟನ್ ತಾಳಿತ್ತು. ಈ ಅಂಕಿ ಇಂದಿಗೂ ಎಲ್ಲೆಡೆ ಉಲ್ಲೇಖವಾಗುತ್ತದೆ, ಆದರೆ ಆ ಪಟ್ಟಿ 14 ಮಿಲಿಮೀಟರ್ ಅಗಲವಿತ್ತು ಎಂಬ ವಿವರ ಬಹಳ ಸಲ ಬಿಟ್ಟುಹೋಗುತ್ತದೆ. ಈಗ ರೂಢಿಯಲ್ಲಿರುವುದು ಸುಮಾರು 10 ಮಿಲಿಮೀಟರ್ ಅಗಲ. 1993ರಲ್ಲಿ ಕೂಪರ್ ಮತ್ತು ಸಹೋದ್ಯೋಗಿಗಳು ಅದೇ 10 ಮಿಲಿಮೀಟರ್ ಅಗಲದ ಗ್ರಾಫ್ಟ್‌ನಲ್ಲಿ ಸರಾಸರಿ 2977 ನ್ಯೂಟನ್ ಕಂಡರು. ಹಳೆಯ ಪರೀಕ್ಷೆಯ ಅಗಲವಾದ ಪಟ್ಟಿಗಿಂತ ಹೊಸ ಪರೀಕ್ಷೆಯ ಕಿರಿದಾದ ಪಟ್ಟಿ ಹೆಚ್ಚು ತಾಳಿದ್ದು ಹೇಗೆ? ಮಾದರಿಗಳನ್ನು ಹಿಡಿದ ರೀತಿ, ಎಳೆದ ವೇಗ, ದಾನಿಗಳು ಎಲ್ಲವೂ ಬೇರೆ ಬೇರೆ. ಅಂಗಾಂಶ ಮಾತ್ರ ಒಂದೇ ಬಗೆಯದು. ಬೇರೆ ಬೇರೆ ಅಧ್ಯಯನಗಳ ಅಂಕಿಗಳನ್ನು ಒಂದೇ ಪಟ್ಟಿಯಲ್ಲಿಟ್ಟು ಗ್ರಾಫ್ಟ್‌ಗಳಿಗೆ ಮೊದಲ, ಎರಡನೆಯ ಸ್ಥಾನ ಕೊಡುವುದು ಸರಿಯಲ್ಲ ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ. ಒಂದೇ ಅಧ್ಯಯನದ ಒಳಗಿನ ಹೋಲಿಕೆಗಳು ಮಾತ್ರ ನೆಚ್ಚಿಕೆಗೆ ಅರ್ಹ.

ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗ ಮತ್ತು ಒಳಭಾಗದ ಸ್ನಾಯುಗಳ) ರಜ್ಜುಗಳ ವಿಷಯದಲ್ಲಿ ಎಷ್ಟು ಎಳೆಗಳು ಎಂಬುದನ್ನು ಗಮನಿಸಬೇಕು. ಇಲ್ಲಿಂದ ತೆಗೆಯುವ ಎರಡು ರಜ್ಜುಗಳಲ್ಲಿ ಸೆಮಿಟೆಂಡಿನೋಸಸ್ ರಜ್ಜುವಿನ ಒಂದು ಎಳೆ ನೋಯೆಸ್ ಅವರಲ್ಲಿ 1216 ನ್ಯೂಟನ್, ಗ್ರಾಸಿಲಿಸ್‌ನ ಒಂದು ಎಳೆ 838 ನ್ಯೂಟನ್ ತಾಳಿದವು. ಎರಡೂ ಸಹಜ ಎಸಿಎಲ್‌ಗಿಂತ ದುರ್ಬಲ. ಎರಡು ರಜ್ಜುಗಳನ್ನೂ ಮಡಚಿ ನಾಲ್ಕು ಎಳೆ ಮಾಡಿದಾಗ 1999ರ ಹ್ಯಾಮ್ನರ್ ಮತ್ತು ಸಹೋದ್ಯೋಗಿಗಳ ಅಧ್ಯಯನದಲ್ಲಿ 4090 ನ್ಯೂಟನ್ ಬಂತು. ಕ್ವಾಡ್ರಿಸೆಪ್ಸ್ (ತೊಡೆಯ ಮುಂಭಾಗದ ಸ್ನಾಯು) ರಜ್ಜುವಿನ 10 ಮಿಲಿಮೀಟರ್ ಅಗಲದ ಪಟ್ಟಿಯ ಬಲ 2000 ನ್ಯೂಟನ್ ಮೀರುತ್ತದೆ. ಅದು ಮಂಡಿಚಿಪ್ಪಿನ ರಜ್ಜುವಿಗಿಂತ ದಪ್ಪವಾಗಿರುವುದರಿಂದ ಅಷ್ಟೇ ಅಗಲದಲ್ಲಿ ಹೆಚ್ಚು ಅಂಗಾಂಶ ಸಿಗುತ್ತದೆ. ಒಟ್ಟಿನಲ್ಲಿ, ಸರಿಯಾಗಿ ಸಿದ್ಧಪಡಿಸಿದ ಈ ಮೂರೂ ಗ್ರಾಫ್ಟ್‌ಗಳು ತೆಗೆದ ದಿನ ಸಹಜ ಎಸಿಎಲ್‌ಗೆ ಸಮವಾಗಿರುತ್ತವೆ ಅಥವಾ ಅದನ್ನು ಮೀರುತ್ತವೆ. ಹಾಗಾಗಿ ಆಯ್ಕೆಯನ್ನು ಬಲದ ಅಂಕಿಯೊಂದರ ಮೇಲೆ ಮಾಡುವ ಅಗತ್ಯವಿಲ್ಲ. ರಜ್ಜು ತೆಗೆದ ಜಾಗದ ನೋವು, ಮಂಡಿಯೂರಿ ಕೂರುವ ಅಗತ್ಯ, ರೋಗಿಯ ಆಟ, ವಯಸ್ಸು ಇವುಗಳಿಗೆ ಹೆಚ್ಚು ತೂಕ ಕೊಡಬಹುದು.

ಒಂದು ಮಿಲಿಮೀಟರ್‌ನ ಬೆಲೆಯನ್ನು ಲೆಕ್ಕ ಹಾಕಿ ನೋಡಿ

ಸಿದ್ಧವಾದ ಗ್ರಾಫ್ಟ್‌ನ ವ್ಯಾಸವನ್ನು ತೂತುಗಳಿರುವ ಅಳತೆ ಪಟ್ಟಿಯಲ್ಲಿ, ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಅಂತರದಲ್ಲಿ, ತೂರಿಸಿ ನೋಡಲಾಗುತ್ತದೆ. 7 ಮತ್ತು 8ರ ನಡುವಿನ ವ್ಯತ್ಯಾಸ ಕಣ್ಣಿಗೆ ಅಲ್ಪವೆನಿಸುತ್ತದೆ. ಆದರೆ ಹೊರೆಯನ್ನು ಹೊರುವುದು ಅಡ್ಡಕೊಯ್ತದ ವಿಸ್ತೀರ್ಣ, ಅದು ವ್ಯಾಸದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. 7 ಮಿಲಿಮೀಟರ್ ವ್ಯಾಸಕ್ಕೆ 38.5 ಚದರ ಮಿಲಿಮೀಟರ್; 8ಕ್ಕೆ 50.3, 9ಕ್ಕೆ 63.6. ಅಂದರೆ 7ರಿಂದ 8ಕ್ಕೆ ಹೋದಾಗ ಅಂಗಾಂಶ ಶೇ. 31ರಷ್ಟು ಹೆಚ್ಚುತ್ತದೆ, 7ರಿಂದ 9ಕ್ಕೆ ಹೋದಾಗ ಶೇ. 65ರಷ್ಟು. ಅದೇ ಹೊರೆ ಹೆಚ್ಚು ನಾರುಗಳಿಗೆ ಹಂಚಿಹೋಗುತ್ತದೆ.

ಈ ಲೆಕ್ಕ ರೋಗಿಗಳ ಫಲಿತಾಂಶದಲ್ಲೂ ಕಾಣಿಸಿದೆ. 2012ರಲ್ಲಿ ಮ್ಯಾಗ್ನುಸೆನ್ ಮತ್ತು ಸಹೋದ್ಯೋಗಿಗಳು ಹ್ಯಾಮ್‌ಸ್ಟ್ರಿಂಗ್ ಗ್ರಾಫ್ಟ್ ಪಡೆದ 256 ರೋಗಿಗಳನ್ನು ಪರಿಶೀಲಿಸಿದಾಗ, 8 ಮಿಲಿಮೀಟರ್‌ಗಿಂತ ದಪ್ಪ ಗ್ರಾಫ್ಟ್ ಇದ್ದವರಲ್ಲಿ ಮರುಶಸ್ತ್ರಚಿಕಿತ್ಸೆ ಬೇಕಾದವರು ಶೇ. 1.7, 7 ಮಿಲಿಮೀಟರ್ ಅಥವಾ ಅದಕ್ಕಿಂತ ಸಣ್ಣದು ಇದ್ದವರಲ್ಲಿ ಶೇ. 13.6. ಅದೇ ಅಧ್ಯಯನದಲ್ಲಿ 20 ವರ್ಷದೊಳಗಿನ ವಯಸ್ಸೂ ಅಪಾಯವನ್ನು ಹೆಚ್ಚಿಸುವ ಅಂಶವಾಗಿ ಕಂಡಿತು. ಆದ್ದರಿಂದ ಚುರುಕಿನ ಕಿರಿಯ ರೋಗಿಯಲ್ಲಿ ನಾಲ್ಕು ಎಳೆಗಳಿಂದ 8 ಮಿಲಿಮೀಟರ್ ಮುಟ್ಟದಿದ್ದರೆ ಐದು ಅಥವಾ ಆರು ಎಳೆಗಳಾಗಿ ಮಡಚುವುದು, ಇಲ್ಲವೇ ಬೇರೆ ರಜ್ಜುವಿಗೆ ಹೋಗುವುದು ಎಂಬ ಯೋಜನೆ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಕೈಯಲ್ಲಿರಬೇಕು. ದಪ್ಪಕ್ಕೂ ಒಂದು ಮಿತಿಯಿದೆ: ತೊಡೆಮೂಳೆಯ ಗೆಣ್ಣುಗಳ ನಡುವಿನ ಸಂದಿ ಕಿರಿದಾಗಿದ್ದರೆ ಅತಿ ದಪ್ಪದ ಗ್ರಾಫ್ಟ್ ಕಾಲು ಚಾಚುವಾಗ ಮೂಳೆಗೆ ಉಜ್ಜುತ್ತದೆ.

ಎಳೆಗಳಿಗೆ ಸಮನಾದ ಎಳೆತ ಕೊಡಿ

ಹ್ಯಾಮ್ನರ್ ಅವರ 4090 ನ್ಯೂಟನ್ ಒಂದು ಷರತ್ತಿನೊಂದಿಗೆ ಬಂದದ್ದು, ಮತ್ತು ಇಡೀ ವಿಷಯದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಪಾಠ ಆ ಷರತ್ತಿನಲ್ಲಿದೆ. ನಾಲ್ಕೂ ಎಳೆಗಳಿಗೆ ತೂಕ ಕಟ್ಟಿ ಸಮನಾಗಿ ಬಿಗಿಗೊಳಿಸಿದಾಗ ಮಾತ್ರ ಬಲಗಳು ಕೂಡಿಬಂದವು. ಅದೇ ನಾಲ್ಕು ಎಳೆಗಳನ್ನು ಕೈಯಿಂದ ಎಳೆದು ಬಿಗಿಗೊಳಿಸಿದಾಗ, ಸಮನಾಗಿ ಬಿಗಿಗೊಳಿಸಿದ ಎರಡೇ ಎಳೆಯ ಸೆಮಿಟೆಂಡಿನೋಸಸ್ ಗ್ರಾಫ್ಟ್‌ಗಿಂತ ಅದು ಗಣನೀಯವಾಗಿ ಬಲವಾಗಿರಲಿಲ್ಲ. ಭಾರ ಎತ್ತುವ ಹಗ್ಗದ ನಾಲ್ಕು ಎಳೆಗಳಲ್ಲಿ ಎರಡು ಸಡಿಲವಾಗಿದ್ದರೆ ಭಾರವನ್ನು ಹೊರುವುದು ಬಿಗಿಯಾದ ಎರಡು ಮಾತ್ರ. ಅವು ಹರಿದ ಮೇಲೆ ಉಳಿದವುಗಳ ಸರದಿ ಬರುತ್ತದೆ. ಅಳತೆ ಪಟ್ಟಿಯಲ್ಲಿ 8 ಮಿಲಿಮೀಟರ್ ತೋರಿಸುವ ಗ್ರಾಫ್ಟ್ ಕೆಲಸದಲ್ಲಿ 6 ಮಿಲಿಮೀಟರ್‌ನಂತೆ ವರ್ತಿಸಬಹುದು, ಹೊರಗಿನಿಂದ ಅದು ಯಾರಿಗೂ ಕಾಣುವುದಿಲ್ಲ.

ಸಿದ್ಧತೆಯ ಮೇಜಿನ ಮೇಲೆ ಇದನ್ನು ಹೀಗೆ ಸಾಧಿಸಬಹುದು. ಮೊದಲು ರಜ್ಜುವಿಗೆ ಅಂಟಿದ ಸ್ನಾಯುವಿನ ಮಾಂಸವನ್ನು ಮೊಂಡಾದ ಅಂಚಿನಿಂದ ಕೆರೆದು ತೆಗೆಯಬೇಕು, ನಾರುಗಳಿಗೆ ಗಾಯವಾಗಬಾರದು. ಪ್ರತಿ ತುದಿಯನ್ನೂ ಹೀರಿಹೋಗದ ಗಟ್ಟಿ ದಾರದಿಂದ ಹಿಡಿತ ಸಿಗುವಂತೆ ಸುತ್ತಿ ಹೊಲಿಯಬೇಕು. ಎರಡೂ ರಜ್ಜುಗಳನ್ನು ಕುಣಿಕೆಯ ಮೇಲೆ ಮಡಚಿ, ನಾಲ್ಕೂ ತುದಿಗಳನ್ನು ಒಂದೊಂದಾಗಿ ಎಳೆದು, ಯಾವುದೂ ಜೋಲದಂತೆ ನೋಡಿಕೊಂಡ ನಂತರವೇ ಟೆನ್ಷನ್ ಬೋರ್ಡಿಗೆ (ಗ್ರಾಫ್ಟ್ ಅನ್ನು ಅಳತೆಯ ಎಳೆತದಲ್ಲಿ ಹಿಡಿದಿಡುವ ಹಲಗೆಗೆ) ಕಟ್ಟಬೇಕು. ಬೋರ್ಡಿನ ಮೇಲೆ ಸುಮಾರು 80ರಿಂದ 90 ನ್ಯೂಟನ್ ಎಳೆತದಲ್ಲಿ ಹತ್ತು ಹದಿನೈದು ನಿಮಿಷ ಇಡುವುದು ರೂಢಿ. ಬೆರಳ ತುದಿಯಿಂದ ಪ್ರತಿ ಎಳೆಯನ್ನೂ ಪಕ್ಕಕ್ಕೆ ಒತ್ತಿ ನೋಡಿ: ಒಂದು ಎಳೆ ಮಾತ್ರ ಸುಲಭವಾಗಿ ಬಾಗಿದರೆ ಅದರ ತುದಿಯನ್ನು ಬಿಚ್ಚಿ ಮತ್ತೆ ಕಟ್ಟಬೇಕು. ಇಡೀ ಸಮಯ ಗ್ರಾಫ್ಟ್ ಮೇಲೆ ಸಲೈನ್‌ನಲ್ಲಿ ನೆನೆಸಿದ ಗಾಜ್ ಇರಬೇಕು, ಏಕೆಂದರೆ ಒಣಗಿದ ರಜ್ಜುವಿನ ಗುಣವೇ ಬದಲಾಗುತ್ತದೆ.

ಮುಂಚಿತವಾಗಿ ಎಳೆದಿಡುವುದಕ್ಕೂ ಯಾಂತ್ರಿಕ ಕಾರಣವಿದೆ. ಸ್ನಾಯುರಜ್ಜು ಉಕ್ಕಿನ ತಂತಿಯಲ್ಲ. ಒಂದೇ ಎಳೆತದಲ್ಲಿ ಇಟ್ಟರೆ ಅದು ನಿಧಾನವಾಗಿ ಹಿಗ್ಗುತ್ತಲೇ ಹೋಗುತ್ತದೆ, ಒಂದೇ ಉದ್ದದಲ್ಲಿ ಹಿಡಿದಿಟ್ಟರೆ ಒಳಗಿನ ಎಳೆತ ನಿಧಾನವಾಗಿ ಇಳಿಯುತ್ತದೆ. ಈ ಹಿಗ್ಗುವಿಕೆಯ ಒಂದು ಭಾಗ ಮೇಜಿನ ಮೇಲೆಯೇ ಮುಗಿದುಹೋದರೆ, ಮೊಣಕಾಲಿನೊಳಗೆ ಕೂರಿಸಿದ ಮೇಲೆ ಕಳೆದುಹೋಗುವ ಎಳೆತ ಕಡಿಮೆಯಾಗುತ್ತದೆ. ಅದು ಪೂರ್ತಿ ತಪ್ಪುವುದಿಲ್ಲ. ಸುರಂಗದೊಳಗೆ ಹೋದ ಗ್ರಾಫ್ಟ್‌ನ ಒಂದು ತುದಿಯನ್ನು ಹಿಡಿಸಿದ ಮೇಲೆ ಮೊಣಕಾಲನ್ನು ಹಲವಾರು ಬಾರಿ ಮಡಚಿ ಚಾಚಿ, ನಂತರ ಎರಡನೆಯ ತುದಿಯನ್ನು ಭದ್ರಪಡಿಸುವುದು ಅದಕ್ಕಾಗಿಯೇ.

ಕೊನೆಯ ಬಿಗಿ ಎಷ್ಟಿರಬೇಕು? 1997ರಲ್ಲಿ ಯಸುದಾ ಮತ್ತು ಸಹೋದ್ಯೋಗಿಗಳು ಹ್ಯಾಮ್‌ಸ್ಟ್ರಿಂಗ್ ಗ್ರಾಫ್ಟ್‌ಗಳಿಗೆ 20, 40 ಮತ್ತು 80 ನ್ಯೂಟನ್ ಎಳೆತ ಕೊಟ್ಟು ಹೋಲಿಸಿದಾಗ, 80 ನ್ಯೂಟನ್ ಗುಂಪಿನ ಮೊಣಕಾಲುಗಳು 20 ನ್ಯೂಟನ್ ಗುಂಪಿಗಿಂತ ಕಡಿಮೆ ಸಡಿಲವಾಗಿದ್ದವು. ಹಾಗೆಂದು ಎಳೆತವನ್ನು ಏರಿಸುತ್ತ ಹೋಗುವಂತಿಲ್ಲ. ಅತಿಯಾದ ಬಿಗಿ ಟಿಬಿಯಾವನ್ನು ಹಿಂದಕ್ಕೆ ಎಳೆದು, ಕೀಲಿನ ಮೃದ್ವಸ್ಥಿಯ ಮೇಲಿನ ಒತ್ತಡವನ್ನು ಹೆಚ್ಚಿಸಿ, ಕಾಲು ಪೂರ್ತಿ ಚಾಚದಂತೆ ಮಾಡುತ್ತದೆ.

ಮೊದಲ ವಾರಗಳಲ್ಲಿ ಸೋಲುವುದು ಹಿಡಿತ

ಶಸ್ತ್ರಚಿಕಿತ್ಸೆಯ ದಿನ ಇಡೀ ಜೋಡಣೆಯಲ್ಲಿ ಅತಿ ದುರ್ಬಲವಾದದ್ದು ರಜ್ಜುವನ್ನು ಮೂಳೆಗೆ ಹಿಡಿದಿಟ್ಟ ಬಿಂದು. 1987ರಲ್ಲಿ ಕುರೊಸಾಕಾ ಮತ್ತು ಸಹೋದ್ಯೋಗಿಗಳು ಮಂಡಿಚಿಪ್ಪಿನ ರಜ್ಜುವಿನ ಗ್ರಾಫ್ಟ್‌ಗಳನ್ನು ಬೇರೆ ಬೇರೆ ರೀತಿಯಲ್ಲಿ ಹಿಡಿಸಿ ಎಳೆದಾಗ ಸ್ಟೇಪಲ್ ಸುಮಾರು 129, ಗುಂಡಿಗೆ ಕಟ್ಟಿದ ದಾರ ಸುಮಾರು 248, 6.5 ಮಿಲಿಮೀಟರ್ ಸ್ಕ್ರೂ ಸುಮಾರು 215, 9 ಮಿಲಿಮೀಟರ್ ಇಂಟರ್‌ಫೆರೆನ್ಸ್ ಸ್ಕ್ರೂ (ಮೂಳೆತುಂಡನ್ನು ಸುರಂಗದ ಗೋಡೆಗೆ ಒತ್ತಿ ಹಿಡಿಯುವ ಸ್ಕ್ರೂ) ಸುಮಾರು 476 ನ್ಯೂಟನ್ ತಾಳಿದವು. ಮೆಟ್ಟಿಲು ಇಳಿಯುವಾಗಿನ 445 ನ್ಯೂಟನ್ ಪಕ್ಕದಲ್ಲಿ ಇವನ್ನು ಇಟ್ಟು ನೋಡಿ. ಸುಮಾರು 3000 ನ್ಯೂಟನ್ ತಾಳಬಲ್ಲ ರಜ್ಜುವನ್ನು 215 ನ್ಯೂಟನ್ ತಾಳುವ ಸ್ಕ್ರೂ ಹಿಡಿದಿದ್ದರೆ ಆ ಮೊಣಕಾಲಿನ ಬಲ 215 ನ್ಯೂಟನ್ ಮಾತ್ರ. ಇಂದಿನ ಸಾಧನಗಳು ಇದಕ್ಕಿಂತ ಹೆಚ್ಚು ತಾಳುತ್ತವೆ ಎಂಬುದು ನಿಜ. ಆದರೂ ಅವುಗಳ ಬಲ ಮೂಳೆಯ ಸಾಂದ್ರತೆಯನ್ನು ಅವಲಂಬಿಸಿದೆ. ತೊಡೆಮೂಳೆಗಿಂತ ಟಿಬಿಯಾದ ಮೇಲ್ಭಾಗದ ಮೂಳೆ ಮೃದು, ಜೊತೆಗೆ ಟಿಬಿಯಾದ ಸುರಂಗ ಎಳೆತದ ದಿಕ್ಕಿಗೇ ಹೆಚ್ಚು ಹೊಂದಿಕೊಂಡಿರುತ್ತದೆ. ಹಾಗಾಗಿ ಜಾರುವ ಭಯ ಅಲ್ಲಿ ಹೆಚ್ಚು. ಸ್ಕ್ರೂ ತಿರುಗಿಸುವಾಗ ಕೈಗೆ ತಡೆಯೇ ಸಿಗದಿದ್ದರೆ ಟಿಬಿಯಾದ ಹೊರಮೈಯಲ್ಲಿ ಎರಡನೆಯ ಹಿಡಿತವನ್ನು ಸೇರಿಸುವುದು ಒಳ್ಳೆಯದು. ಸ್ಕ್ರೂ ಮೂಳೆತುಂಡಿನ ದಿಕ್ಕಿಗಿಂತ 30 ಡಿಗ್ರಿಗೂ ಹೆಚ್ಚು ಓರೆಯಾಗಿ ಹೋದರೆ ಹಿಡಿತ ಗಣನೀಯವಾಗಿ ಕುಗ್ಗುತ್ತದೆ.

ತುಂಡಾಗುವ ಬಲದಷ್ಟೇ ಮುಖ್ಯವಾದದ್ದು ಬಿಗಿತ, ಅಂದರೆ ಒಂದು ಮಿಲಿಮೀಟರ್ ಹಿಗ್ಗಿಸಲು ಬೇಕಾಗುವ ಬಲ. ವೂ ಅವರ ಯುವ ಮಾದರಿಗಳಲ್ಲಿ ಸಹಜ ಎಸಿಎಲ್‌ನ ಬಿಗಿತ ಮಿಲಿಮೀಟರ್‌ಗೆ 242 ನ್ಯೂಟನ್, ಹ್ಯಾಮ್ನರ್ ಅವರ ನಾಲ್ಕು ಎಳೆಯ ಗ್ರಾಫ್ಟ್‌ನದು 776. ಮೂರು ಪಟ್ಟು ಬಿಗಿಯಾದ ಗ್ರಾಫ್ಟ್ ಇದ್ದರೂ ಮೊಣಕಾಲು ಸಡಿಲವಾಗುವುದೇಕೆಂದು ತಿಳಿಯಲು ಒಂದು ಲೆಕ್ಕ ಮಾಡೋಣ. ಮೇಲಿನ ಹಿಡಿತ, ಗ್ರಾಫ್ಟ್, ಕೆಳಗಿನ ಹಿಡಿತ ಒಂದರ ತುದಿಗೆ ಇನ್ನೊಂದು ಸೇರಿದ ಮೂರು ಸ್ಪ್ರಿಂಗುಗಳು. ಇಂಥ ಸರಣಿಯಲ್ಲಿ ಬಿಗಿತಗಳ ವಿಲೋಮಗಳನ್ನು ಕೂಡಬೇಕು. ಎರಡೂ ಹಿಡಿತಗಳ ಬಿಗಿತ ಉದಾಹರಣೆಗೆ ತಲಾ 200 ಎಂದಿಟ್ಟುಕೊಂಡರೆ ಇಡೀ ಜೋಡಣೆಯ ಬಿಗಿತ ಮಿಲಿಮೀಟರ್‌ಗೆ ಸುಮಾರು 89 ನ್ಯೂಟನ್‌ಗೆ ಇಳಿಯುತ್ತದೆ. ಗ್ರಾಫ್ಟ್‌ನ ಬಿಗಿತವನ್ನು ಎರಡು ಪಟ್ಟು ಮಾಡಿದರೂ ಅದು 94 ಆಗುತ್ತದೆ ಅಷ್ಟೇ. ಅದರ ಬದಲು ಒಂದೇ ಒಂದು ಹಿಡಿತದ ಬಿಗಿತವನ್ನು 200ರಿಂದ 400ಕ್ಕೆ ಏರಿಸಿದರೆ 114 ಆಗುತ್ತದೆ. ಸುಧಾರಣೆಗೆ ಎಲ್ಲಿ ಶ್ರಮ ಹಾಕಬೇಕೆಂಬುದು ಈ ಲೆಕ್ಕದಲ್ಲೇ ಇದೆ. ಹಿಡಿತದ ಬಿಂದುಗಳು ಕೀಲಿನಿಂದ ದೂರ ಹೋದಷ್ಟೂ ನಡುವಿನ ರಜ್ಜು ಉದ್ದವಾಗಿ ಬಿಗಿತ ಇಳಿಯುತ್ತದೆ ಎಂಬುದನ್ನೂ ಇದರೊಂದಿಗೆ ನೆನಪಿಡಬೇಕು.

ಸಾಧನಗಳ ವರದಿಯನ್ನು ಓದುವಾಗ ಒಮ್ಮೆ ಎಳೆದು ಹರಿಸಿದ ಅಂಕಿಗಿಂತ ಮತ್ತೆ ಮತ್ತೆ ಎಳೆದ ಪರೀಕ್ಷೆಯನ್ನು ಹುಡುಕಬೇಕು. ಉದಾಹರಣೆಗೆ 50ರಿಂದ 250 ನ್ಯೂಟನ್ ನಡುವೆ 1000 ಬಾರಿ ಎಳೆದ ಮೇಲೆ ಜೋಡಣೆ ಎಷ್ಟು ಮಿಲಿಮೀಟರ್ ಶಾಶ್ವತವಾಗಿ ಹಿಗ್ಗಿತು ಎಂಬ ಅಂಕಿ ಹೆಚ್ಚು ಉಪಯುಕ್ತ. ರೋಗಿ ಮೊದಲ ವಾರಗಳಲ್ಲಿ ಮಾಡುವುದು ಸಾವಿರಾರು ಸಣ್ಣ ಹೆಜ್ಜೆಗಳನ್ನು. ಹರಿಯದೆಯೂ ಕೆಲವು ಮಿಲಿಮೀಟರ್ ಜಾರಿದ ಗ್ರಾಫ್ಟ್ ಮೊಣಕಾಲನ್ನು ಹಿಡಿಯಲಾರದು. ವರದಿಯಲ್ಲಿ ಮಾದರಿ ಎಲ್ಲಿ ಸೋತಿತು ಎಂಬುದನ್ನೂ ನೋಡಿ: ನಡುವೆ ಹರಿದಿದ್ದರೆ ಅದು ರಜ್ಜುವಿನ ಬಲ, ಯಂತ್ರದ ಹಿಡಿಕೆಯಿಂದ ಜಾರಿದ್ದರೆ ಅದು ಹಿಡಿಕೆಯ ಬಲ. ತುದಿಯನ್ನು ಹೆಪ್ಪುಗಟ್ಟಿಸಿ ಹಿಡಿಯುವ ಹಿಡಿಕೆಗಳು ಬಳಕೆಗೆ ಬಂದದ್ದು ಈ ತೊಡಕನ್ನು ನಿವಾರಿಸಲು.

ತಿಂಗಳುಗಳು ಕಳೆದಂತೆ ಬಲ ಹೇಗೆ ಬದಲಾಗುತ್ತದೆ

ಮೊಣಕಾಲಿನೊಳಗೆ ಕೂರಿಸಿದ ರಜ್ಜುವಿಗೆ ರಕ್ತಪೂರೈಕೆ ಇರುವುದಿಲ್ಲ. ಅದರ ಜೀವಕೋಶಗಳು ಬಹುಪಾಲು ಸಾಯುತ್ತವೆ, ಸುತ್ತಲಿನ ಅಂಗಾಂಶದಿಂದ ಹೊಸ ಕೋಶಗಳು ಮತ್ತು ರಕ್ತನಾಳಗಳು ಒಳಬರುತ್ತವೆ, ಹಳೆಯ ದಪ್ಪ ಕೊಲಾಜೆನ್ (ರಜ್ಜುವಿಗೆ ಬಲ ಕೊಡುವ ಪ್ರೋಟೀನ್) ಎಳೆಗಳ ಜಾಗದಲ್ಲಿ ಸಣ್ಣ ವ್ಯಾಸದ ಹೊಸ ಎಳೆಗಳು ಕೂಡಿಕೊಳ್ಳುತ್ತವೆ. ಈ ಮರುರೂಪಣೆಯ ನಡುವೆ ಗ್ರಾಫ್ಟ್ ತಾನೇ ದುರ್ಬಲವಾಗುತ್ತದೆ. ಕುರಿಗಳ ಮೇಲೆ ವೈಲರ್ ಮತ್ತು ಸಹೋದ್ಯೋಗಿಗಳು ನಡೆಸಿದ ಅಧ್ಯಯನದಲ್ಲಿ ಬಲ ಅತಿ ಕೆಳಗಿಳಿದದ್ದು ಆರರಿಂದ ಒಂಬತ್ತನೇ ವಾರದ ಸುಮಾರಿಗೆ. ಮನುಷ್ಯರಲ್ಲಿ ಈ ಪ್ರಕ್ರಿಯೆ ಪ್ರಾಣಿಗಳಿಗಿಂತ ನಿಧಾನ, ಒಂದು ವರ್ಷವನ್ನೂ ಮೀರಿ ನಡೆಯುತ್ತದೆ.

ಇನ್ನೊಂದೆಡೆ ಹಿಡಿತದ ಬಲ ಏರುತ್ತಿರುತ್ತದೆ. ಮೂಳೆತುಂಡು ಸುರಂಗದ ಮೂಳೆಯೊಂದಿಗೆ ಸುಮಾರು ಆರು ವಾರಗಳಲ್ಲಿ ಕೂಡುತ್ತದೆ. ಬರೀ ರಜ್ಜು ಮೂಳೆಗೆ ಅಂಟಿಕೊಳ್ಳಲು ಎಂಟರಿಂದ ಹನ್ನೆರಡು ವಾರ ಅಥವಾ ಹೆಚ್ಚು ಬೇಕು. 1993ರಲ್ಲಿ ರೋಡಿಯೊ ಮತ್ತು ಸಹೋದ್ಯೋಗಿಗಳು ನಾಯಿಗಳಲ್ಲಿ ನಡೆಸಿದ ಪರೀಕ್ಷೆಯಲ್ಲಿ ಎಂಟನೇ ವಾರದವರೆಗೂ ರಜ್ಜು ಸುರಂಗದಿಂದ ಕಿತ್ತುಬಂದಿತ್ತು, ಹನ್ನೆರಡನೇ ವಾರದ ನಂತರ ಹಾಗಾಗಲಿಲ್ಲ. ಹೀಗೆ ದುರ್ಬಲ ಬಿಂದು ಸ್ಥಳ ಬದಲಿಸುತ್ತದೆ: ಮೊದಲು ಸುರಂಗದ ಹಿಡಿತ, ನಂತರ ಗ್ರಾಫ್ಟ್‌ನ ನಡುಭಾಗ. ನೋವು ಮತ್ತು ಊತ ಇಳಿದು ರೋಗಿಗೆ ಕಾಲು ಚೆನ್ನಾಗಿದೆ ಎನಿಸುವ ಮೂರನೇ ತಿಂಗಳು ಗ್ರಾಫ್ಟ್‌ನ ದೃಷ್ಟಿಯಿಂದ ಭದ್ರವಾದ ಕಾಲವಲ್ಲ. ಇದನ್ನು ರೋಗಿಗೆ ಬಿಡಿಸಿ ಹೇಳುವುದು ಚಿಕಿತ್ಸಕರ ಕರ್ತವ್ಯ ಎಂದು ನಾನು ಭಾವಿಸುತ್ತೇನೆ.

ವ್ಯಾಯಾಮಗಳನ್ನು ಆರಿಸುವಾಗ ಬೇನನ್ ಮತ್ತು ಸಹೋದ್ಯೋಗಿಗಳು ಜೀವಂತ ಮೊಣಕಾಲಿನ ಎಸಿಎಲ್ ಮೇಲೆಯೇ ಹಿಗ್ಗುವಿಕೆಯ ಮಾಪಕ ಕೂರಿಸಿ ಪಡೆದ ಅಂಕಿಗಳು ನೆರವಾಗುತ್ತವೆ. ಮೊಣಕಾಲು 15 ಡಿಗ್ರಿ ಮಡಚಿದ ಸ್ಥಿತಿಯಲ್ಲಿ ಕ್ವಾಡ್ರಿಸೆಪ್ಸ್ ಮಾತ್ರ ಬಿಗಿದಾಗ ಹಿಗ್ಗುವಿಕೆ ಸುಮಾರು ಶೇ. 4.4, 30 ಡಿಗ್ರಿಯಲ್ಲಿ ಸುಮಾರು ಶೇ. 2.7, 60 ಮತ್ತು 90 ಡಿಗ್ರಿಯಲ್ಲಿ ಇಲ್ಲವೇ ಇಲ್ಲ. ಸ್ಥಿರ ಸೈಕಲ್ ತುಳಿಯುವಾಗ ಸುಮಾರು ಶೇ. 1.7. ಆದ್ದರಿಂದ ಆರಂಭದ ವಾರಗಳಲ್ಲಿ ಕಾಲಿಗೆ ತೂಕ ಕಟ್ಟಿ ಕೊನೆಯ 30 ಡಿಗ್ರಿ ಚಾಚುವ ವ್ಯಾಯಾಮವನ್ನು ಬಿಟ್ಟು, 60 ಡಿಗ್ರಿಗಿಂತ ಹೆಚ್ಚು ಮಡಚಿದ ಸ್ಥಿತಿಯಲ್ಲಿ ಕ್ವಾಡ್ರಿಸೆಪ್ಸ್‌ಗೆ ಕೆಲಸ ಕೊಡಬಹುದು. ಹಾಗೆಂದು ಗ್ರಾಫ್ಟ್‌ಗೆ ಹೊರೆಯೇ ಬೀಳಬಾರದೆಂದಲ್ಲ; ಅಳತೆಯಾದ ಹೊರೆ ಇಲ್ಲದಿದ್ದರೆ ಹೊಸ ಕೊಲಾಜೆನ್ ಸರಿಯಾದ ದಿಕ್ಕಿನಲ್ಲಿ ಸಾಲುಗೂಡುವುದಿಲ್ಲ. ತಿರುಗುವ, ಜಿಗಿಯುವ ಆಟಗಳಿಗೆ ಮರಳುವುದನ್ನು ಕನಿಷ್ಠ ಒಂಬತ್ತು ತಿಂಗಳವರೆಗೆ ತಡೆಯಬೇಕು: 2016ರಲ್ಲಿ ಗ್ರಿಂಡೆಮ್ ಮತ್ತು ಸಹೋದ್ಯೋಗಿಗಳ ಅಧ್ಯಯನದಲ್ಲಿ, ಒಂಬತ್ತನೇ ತಿಂಗಳವರೆಗೆ ಮರಳುವಿಕೆಯನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮರುಗಾಯದ ಪ್ರಮಾಣ ಶೇ. 51ರಷ್ಟು ತಗ್ಗಿತ್ತು.

ದಾನಿಯ ರಜ್ಜು ಬಳಸುವಾಗ ಸಂಸ್ಕರಣೆಯ ವಿವರವನ್ನು ಕೇಳಬೇಕು. ರೋಗಾಣುಗಳನ್ನು ಕೊಲ್ಲಲು ಬಳಸುವ ಗಾಮಾ ವಿಕಿರಣದ ಪ್ರಮಾಣ ಹೆಚ್ಚಾದಂತೆ ಕೊಲಾಜೆನ್ ಘಾಸಿಗೊಂಡು ಬಲ ಕುಗ್ಗುತ್ತದೆ, ಜೊತೆಗೆ ದಾನಿಯ ರಜ್ಜುವಿನ ಮರುರೂಪಣೆಯೂ ತಡವಾಗಿ ನಡೆಯುತ್ತದೆ. ಕಿರಿಯ ಕ್ರೀಡಾಪಟುಗಳಲ್ಲಿ ಸ್ವಂತ ರಜ್ಜುವೇ ಮೇಲು.

ಶಸ್ತ್ರಚಿಕಿತ್ಸೆಯ ವರದಿಯಲ್ಲಿ ಏನನ್ನು ಬರೆಯಬೇಕು

ಮೇಲಿನದೆಲ್ಲ ಉಪಯೋಗಕ್ಕೆ ಬರುವುದು ವಿವರಗಳು ದಾಖಲಾದಾಗ. ಯಾವ ರಜ್ಜು, ಎಷ್ಟು ಎಳೆ, ತೊಡೆಮೂಳೆಯ ಕಡೆ ಮತ್ತು ಟಿಬಿಯಾದ ಕಡೆ ವ್ಯಾಸ ಎಷ್ಟು, ಸುರಂಗದೊಳಗೆ ಎಷ್ಟು ಉದ್ದದ ರಜ್ಜು ಇದೆ, ಯಾವ ಸಾಧನದಿಂದ ಹಿಡಿಸಲಾಗಿದೆ, ಎಷ್ಟು ಎಳೆತದಲ್ಲಿ ಮತ್ತು ಎಷ್ಟು ಡಿಗ್ರಿ ಮಡಚಿದ ಸ್ಥಿತಿಯಲ್ಲಿ, ಮೂಳೆ ಗಟ್ಟಿಯಾಗಿತ್ತೇ ಮೃದುವಾಗಿತ್ತೇ ಎಂಬುದನ್ನು ಬರೆದಿಡಬೇಕು. ಸುರಂಗದ ಸ್ಥಾನವನ್ನು ಎಕ್ಸ್‌ರೇ ಮೂಲಕ ಖಚಿತಪಡಿಸಿ ಲಗತ್ತಿಸಬೇಕು. ತಪ್ಪು ಸ್ಥಾನದ ಸುರಂಗ ಪ್ರತಿ ಮಡಿಕೆಯಲ್ಲೂ ಗ್ರಾಫ್ಟ್ ಅನ್ನು ಮಿತಿಮೀರಿ ಹಿಗ್ಗಿಸುತ್ತದೆ, ಎಷ್ಟೇ ಬಲವಾದ ರಜ್ಜುವೂ ಅದನ್ನು ಬಹುಕಾಲ ತಾಳದು. ಟಿಬಿಯಾದ ಮೇಲ್ಮೈ ಹಿಂದಕ್ಕೆ ಹೆಚ್ಚು ಇಳಿಜಾರಾಗಿದ್ದರೆ ಅದನ್ನೂ ನಮೂದಿಸಬೇಕು, ಏಕೆಂದರೆ ಕಾಲೂರಿದಾಗಲೆಲ್ಲ ಆ ಇಳಿಜಾರು ಗ್ರಾಫ್ಟ್‌ನ ಹೊರೆಯನ್ನು ಏರಿಸುತ್ತದೆ. ಈ ವರದಿಯ ಒಂದು ಪ್ರತಿ ಫಿಸಿಯೋಥೆರಪಿಸ್ಟರಿಗೆ ತಲುಪಬೇಕು: ಮೃದು ಮೂಳೆಯಲ್ಲಿ ಹಿಡಿಸಿದ 7.5 ಮಿಲಿಮೀಟರ್ ಹ್ಯಾಮ್‌ಸ್ಟ್ರಿಂಗ್ ಗ್ರಾಫ್ಟ್‌ಗೂ ಗಟ್ಟಿ ಮೂಳೆಯಲ್ಲಿ ಸ್ಕ್ರೂ ಹಾಕಿದ ಮೂಳೆತುಂಡಿನ ಗ್ರಾಫ್ಟ್‌ಗೂ ಮೊದಲ ಹನ್ನೆರಡು ವಾರಗಳ ವ್ಯಾಯಾಮದ ವೇಗ ಒಂದೇ ಆಗಿರಬಾರದು.